ಹುಟ್ಟುಮಚ್ಚೆಯೂ ಅರ್ಬುದವೂ: ಒಂದು ವೈದ್ಯಜ್ಞಾನದ ಚರಿತ್ರೆ

೧

ಶಿಶುವು ಹುಟ್ಟುವಾಗಲೇ ಅದರ ಮೈಮೇಲೆ ಕಾಣಬರುವ ಕಪ್ಪು, ಕಂದು, ಕೆಂಪು ಅಥವಾ ಹಳದಿ ಬಣ್ಣದ ಗುರುತುಗಳಿಗೆ ಕನ್ನಡದಲ್ಲಿ ಹುಟ್ಟುಮಚ್ಚೆಯೆಂದು ಹೆಸರು. ಅವುಗಳಲ್ಲಿ ಬಹುಭಾಗವು ಯಾವ ಕೇಡನ್ನೂ ಮಾಡದೆ ಮನುಷ್ಯನ ಆಯುಷ್ಯವಿರುವವರೆಗೂ ಅವನೊಡನೆ ಉಳಿದು ಅವನೊಡನೆಯೇ ಅಳಿಯುವುವು. ಕೆಲವೇ ಮಂದಿಯಲ್ಲಿ ಮಾತ್ರ ಆ ಗುರುತಿನೊಳಗೆ ಕ್ಯಾನ್ಸರ್ ಹುಟ್ಟಿ ಪ್ರಾಣಕ್ಕೆ ಅಪಾಯವನ್ನು ತರುವುದುಂಟು. ಈ ಎರಡು ಸಂಗತಿಗಳಲ್ಲಿ ಎರಡನೆಯದು ವೈದ್ಯನ ಕಣ್ಣಿಗೆ ಬೇಗನೆ ಬೀಳುವುದು. ರೋಗಿಯು ಅವನ ಬಳಿಗೆ ಬರುವುದೇ ಅದರಿಂದ. ಮೊದಲನೆಯದು ಕಣ್ಣಿಗೆ ಬೀಳುವುದಿಲ್ಲ. ಏಕೆಂದರೆ ಕೇಡಿಲ್ಲದ ಮಚ್ಚೆಯುಳ್ಳವನು ವೈದ್ಯನ ಬಾಗಿಲಿಗೆ ಹೋಗುವ ಕಾರಣವೇ ಇಲ್ಲ.

ಆದುದರಿಂದ ಈ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅವಶ್ಯಕ. ಹುಟ್ಟುಮಚ್ಚೆಯಲ್ಲಿ ಕ್ಯಾನ್ಸರ್ ಹುಟ್ಟುವುದುಂಟೆ ಎಂಬುದು ಮೊದಲನೆಯದು. ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಹುಟ್ಟುವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಒಂದು ನಿದರ್ಶನವೇ ಸಾಕಾದ ಉತ್ತರ. ಎರಡನೆಯದಕ್ಕೆ ಸರಿಯಾದ ಉತ್ತರವು ದೊರೆಯಲು ಇಪ್ಪತ್ತೊಂದನೆಯ ಶತಮಾನದವರೆಗೂ ಕಾಯಬೇಕಾಯಿತು. ಮಧ್ಯಕಾಲದಲ್ಲಿ ಮೊದಲನೆಯ ಉತ್ತರವನ್ನೇ ಎರಡನೆಯದೆಂದು ಭಾವಿಸಿದ್ದರಿಂದ ಅನೇಕ ಶಿಶುಗಳು ವ್ಯರ್ಥವಾಗಿ ಶಸ್ತ್ರದ ಬಾಧೆಯನ್ನು ಅನುಭವಿಸಬೇಕಾಯಿತು. ಆ ಚರಿತ್ರೆಯ ಮುಖ್ಯ ಘಟ್ಟಗಳನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

೨

ಭರತಖಂಡದ ವೈದ್ಯಗ್ರಂಥಗಳಲ್ಲಿ ಹುಟ್ಟುಮಚ್ಚೆಯ ವಿಚಾರವು ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ನಿದಾನಸ್ಥಾನದ ೧೩ನೆಯ ಅಧ್ಯಾಯದಲ್ಲಿ ೪೪ ಕ್ಷುದ್ರರೋಗಗಳನ್ನು ಎಣಿಸಿದೆ. ಜತುಮಣಿ, ಮಷಕ, ತಿಲಕಾಲಕ, ನ್ಯಚ್ಛ, ವ್ಯಂಗ ಎಂಬವು ಆ ಪಟ್ಟಿಯಲ್ಲಿ ಸೇರಿವೆ. ಇವುಗಳಲ್ಲಿ ಜತುಮಣಿ ಮತ್ತು ನ್ಯಚ್ಛ ಇವೆರಡಕ್ಕೆ ಮಾತ್ರ ‘ಸಹಜ’ ಎಂಬ ವಿಶೇಷಣವನ್ನು ಕೊಟ್ಟಿರುವುದು ಗಮನಾರ್ಹವಾಗಿದೆ. ಜತುಮಣಿಯು ನೋವಿಲ್ಲದ, ನುಣುಪಾದ, ಸ್ವಲ್ಪ ಕೆಂಪಾದ, ತುಸು ಉಬ್ಬಿದ ಮಂಡಲ. ಅದಕ್ಕೆ ಕಫರಕ್ತಗಳು ಕಾರಣ. ನ್ಯಚ್ಛವು ದೊಡ್ಡದಾಗಿಯಾದರೂ ಸಣ್ಣದಾಗಿಯಾದರೂ ಇರಬಹುದಾದ, ಕಪ್ಪು ಅಥವಾ ಬಿಳುಪು ಬಣ್ಣದ, ನೋವಿಲ್ಲದ ಗುರುತು. ಎಳ್ಳಿನ ಗಾತ್ರದ ತಿಲಕಾಲಕಕ್ಕೂ ಉದ್ದಿನಂತಿರುವ ಮಷಕಕ್ಕೂ ಈ ವಿಶೇಷಣವಿಲ್ಲ. ಹೀಗೆ ಹುಟ್ಟಿನೊಡನೆ ಬಂದುದನ್ನೂ ಅನಂತರ ಮೂಡಿದುದನ್ನೂ ಲಕ್ಷಣಕಾರನು ವಿವೇಚಿಸಿ ಬೇರ್ಪಡಿಸಿರುವನು. ಆಧುನಿಕ ವೈದ್ಯಶಾಸ್ತ್ರವು ಸಹ ಇದೇ ಭೇದವನ್ನು ಮುಖ್ಯವೆಂದು ಎಣಿಸುತ್ತದೆ.

ಚಿಕಿತ್ಸಾಸ್ಥಾನದ ೨೦ನೆಯ ಅಧ್ಯಾಯವು ಜತುಮಣಿ, ಮಷಕ, ತಿಲಕಾಲಕಗಳನ್ನು ಶಸ್ತ್ರದಿಂದ ಕೊಯ್ದು ತೆಗೆದು, ಆ ಸ್ಥಳವನ್ನು ಕ್ಷಾರದಿಂದಾಗಲಿ ಅಗ್ನಿಯಿಂದಾಗಲಿ ಮೆಲ್ಲಮೆಲ್ಲನೆ ಸುಡಬೇಕೆಂದು ವಿಧಿಸುವುದು.

ಅರ್ಬುದದ ಪ್ರಕರಣವು ಇದಕ್ಕಿಂತ ಹಿಂದಿನ, ಎಂದರೆ ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿದೆ. ಅರ್ಬುದವು ದುಂಡಾಗಿ, ಸ್ಥಿರವಾಗಿ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಕೀವುಗೂಡದೆ ಇರುವ ಮಾಂಸದ ಉಬ್ಬು. ವಾತ, ಪಿತ್ತ, ಕಫ, ರಕ್ತ, ಮಾಂಸ, ಮೇದಸ್ಸು ಎಂಬ ಆರು ಕಾರಣಗಳಿಂದ ಅದಕ್ಕೆ ಆರು ಬಗೆ. ಇವುಗಳಲ್ಲಿ ರಕ್ತಾರ್ಬುದ ಮಾಂಸಾರ್ಬುದಗಳು ಅಸಾಧ್ಯ. ಮೊದಲು ಅರ್ಬುದವಿದ್ದ ಸ್ಥಳದಲ್ಲಿಯೇ ಮತ್ತೊಂದು ಅರ್ಬುದವು ಹುಟ್ಟಿದರೆ ಅದು ಅಧ್ಯರ್ಬುದ. ಒಂದು ಬೆಳವಣಿಗೆಯ ಮೇಲೆ ಇನ್ನೊಂದು ಬೆಳವಣಿಗೆಯು ಹುಟ್ಟಬಹುದೆಂಬ ಭಾವನೆಯು ಹೀಗೆ ಗ್ರಂಥದಲ್ಲಿಯೇ ಇದೆ. ಆದರೆ ಜತುಮಣಿಯಾಗಲಿ ನ್ಯಚ್ಛವಾಗಲಿ ಮುಂದೆ ಅರ್ಬುದವಾಗಿ ಪರಿಣಮಿಸುವುದೆಂದು ಈ ಎರಡು ಪ್ರಕರಣಗಳಲ್ಲಿ ಎಲ್ಲಿಯೂ ಹೇಳಿಲ್ಲ. ಮಾಂಸಾರ್ಬುದಕ್ಕೆ ಕಾರಣವೆಂದು ಹೇಳಿರುವುದು ಮುಷ್ಟಿಯ ಪೆಟ್ಟು ಮೊದಲಾದುವುಗಳನ್ನೇ ಹೊರತು ಹುಟ್ಟುಗುರುತನ್ನಲ್ಲ.

ಇಂದಿನ ಕೆಲವರು ಅರ್ಬುದವೆಂದರೆ ಕ್ಯಾನ್ಸರ್ ಎಂದು ಒಂದೇ ಮಾತಿನಲ್ಲಿ ಅನುವಾದಿಸಿ, ಜತುಮಣಿಯನ್ನು ಕೊಯ್ಯಬೇಕೆಂಬ ವಿಧಿಯಲ್ಲಿ ಕ್ಯಾನ್ಸರಿನ ಭಯವನ್ನು ಕಾಣಬಯಸುವರು. ಅದಕ್ಕೆ ಗ್ರಂಥದ ಆಧಾರವು ಸಾಲದು. ಪ್ರಾಚೀನರ ‘ಅರ್ಬುದ’ ಶಬ್ದವು ಮಾರಕವಲ್ಲದ ಗಡ್ಡೆಗಳನ್ನೂ ಒಳಗೊಳ್ಳುವುದು. ಮೇದೋಜ ಅರ್ಬುದದ ವರ್ಣನೆಯನ್ನು ಓದಿದರೆ ಕೊಬ್ಬಿನ ಸಾಧುಗಡ್ಡೆಯೇ ನೆನಪಿಗೆ ಬರುವುದು. ಜತುಮಣಿಯನ್ನು ತೆಗೆಯುವುದು ರೂಪಕ್ಕೆ ಸಂಬಂಧಿಸಿದ ಚಿಕಿತ್ಸೆಯೆಂದು ತೋರುತ್ತದೆ. ಅದನ್ನು ‘ಕ್ಷುದ್ರ’ವೆಂಬ ವರ್ಗದಲ್ಲಿ ಇಟ್ಟಿರುವುದೇ ಈ ಅಭಿಪ್ರಾಯಕ್ಕೆ ಪೋಷಕವಾಗಿದೆ. ಪೂರ್ವಿಕರು ಕಂಡದ್ದನ್ನು ಕಂಡಂತೆ ಹೇಳಿರುವರು. ಅವರು ಹೇಳದಿದ್ದುದನ್ನು ಅವರ ಬಾಯಲ್ಲಿ ಇಡುವುದು ಅವರಿಗೆ ಗೌರವವನ್ನು ತರುವ ಮಾರ್ಗವಲ್ಲ.

೩

ಯುರೋಪಿನ ಭಾಷೆಗಳಲ್ಲಿ ಹುಟ್ಟುಮಚ್ಚೆಗೆ ಇರುವ ಹೆಸರುಗಳನ್ನು ಇಲ್ಲಿ ಗಮನಿಸುವುದು ಯುಕ್ತವಾಗಿದೆ. ಲ್ಯಾಟಿನ್ನಿನ ‘ನೀವಸ್’ ಎಂಬ ಶಬ್ದವೇ ಇಂದಿಗೂ ವೈದ್ಯರ ಪರಿಭಾಷೆ. ಜರ್ಮನರು ಅದನ್ನು ‘ಮುಟ್ಟರ್‌ಮಾಲ್’ ಎನ್ನುವರು. ತಾಯಿಯ ಗುರುತು ಎಂದು ಅದರ ಅರ್ಥ. ಫ್ರೆಂಚರ ‘ಆಂವೀ’, ಇಟಲಿಯವರ ‘ವೋಲ್ಯಾ’ ಎಂಬ ಪದಗಳಿಗೆ ಬಯಕೆಯೆಂದು ಅರ್ಥ. ಗರ್ಭಿಣಿಯು ಬಯಸಿ ಪಡೆಯದೆ ಹೋದ ವಸ್ತುವಿನ ಆಕಾರವು ಮಗುವಿನ ಮೈಮೇಲೆ ಮೂಡುವುದೆಂಬ ಜನರ ನಂಬಿಕೆಯು ಈ ಹೆಸರುಗಳಲ್ಲಿ ಅಚ್ಚೊತ್ತಿದೆ. ನಮ್ಮ ನಾಡಿನಲ್ಲಿ ಗರ್ಭಿಣಿಯು ಗ್ರಹಣಕಾಲದಲ್ಲಿ ಹೊರಗೆ ಬಂದರೆ ಮಗುವಿಗೆ ಊನವೋ ಗುರುತೋ ಬರುವುದೆಂಬ ನಂಬಿಕೆಯೂ ಇದೇ ಜಾತಿಯದು. ಇವೆಲ್ಲವುಗಳಲ್ಲಿ ದೋಷವು ಬಂದು ನಿಲ್ಲುವುದು ತಾಯಿಯ ಮೇಲೆಯೇ. ಈ ನಂಬಿಕೆಗೆ ವಿಜ್ಞಾನವು ಕೊಟ್ಟ ಉತ್ತರವನ್ನು ಮುಂದೆ ಹೇಳಲಾಗುವುದು.

ಕಪ್ಪು ಬಣ್ಣದ ಮಾರಕ ಗಡ್ಡೆಯನ್ನು ಬೇರೊಂದು ರೋಗವೆಂದು ಗುರುತಿಸಿದ ಕೀರ್ತಿಯು ಫ್ರಾನ್ಸಿನ ರೆನೆ ಲೆನೆಕ್ ಎಂಬ ವೈದ್ಯನಿಗೆ ಸಲ್ಲುವುದು. ಎದೆಯ ಸದ್ದನ್ನು ಕೇಳುವ ಸ್ಟೆತಸ್ಕೋಪನ್ನು ಮುಂದೆ ಕಂಡುಹಿಡಿದವನೂ ಇವನೇ. ೧೮೦೪ರಲ್ಲಿ ಪ್ಯಾರಿಸಿನಲ್ಲಿ ಉಪನ್ಯಾಸವಾಗಿ ಹೇಳಿ ೧೮೦೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು ಅದನ್ನು ‘ಮೆಲನೋಸ್’ ಎಂದು ಕರೆದನು. ಗ್ರೀಕಿನಲ್ಲಿ ‘ಮೆಲಸ್’ ಎಂದರೆ ಕಪ್ಪು. ಇದಕ್ಕಿಂತ ಮೊದಲು, ೧೭೮೭ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನು ಒಬ್ಬ ರೋಗಿಯ ದವಡೆಯ ಮೂಲೆಯಿಂದ ಇಂಥ ಗಡ್ಡೆಯನ್ನು ತೆಗೆದು ಸಂಗ್ರಹಾಲಯದಲ್ಲಿ ಇರಿಸಿದ್ದನು. ಅದು ನಿಜವಾಗಿ ಏನೆಂಬುದು ೧೯೬೮ರಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಸಿದ್ಧಪಟ್ಟಿತು. ‘ಮೆಲನೋಮ’ ಎಂಬ ಹೆಸರನ್ನು ೧೮೩೮ರಲ್ಲಿ ರಾಬರ್ಟ್ ಕಾರ್ಸ್‌ವೆಲ್ಲನು ಬಳಕೆಗೆ ತಂದನು.

ಮಚ್ಚೆಗೂ ಮಾರಕ ಗಡ್ಡೆಗೂ ಇರುವ ನಂಟನ್ನು ಸ್ಪಷ್ಟವಾಗಿ ಬರೆದಿಟ್ಟವನು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಊರಿನ ಸಾಮಾನ್ಯ ವೈದ್ಯನಾದ ವಿಲಿಯಂ ನಾರಿಸ್. ೧೮೨೦ರಲ್ಲಿ ಎಡಿನ್‌ಬರೋದ ವೈದ್ಯಪತ್ರಿಕೆಯಲ್ಲಿ ಅವನು ೫೯ ವರ್ಷದ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದನು. ಆ ಮನುಷ್ಯನ ಹೊಟ್ಟೆಯ ಮೇಲಿನ ಗಡ್ಡೆಯು ಒಂದು ಮಚ್ಚೆಯಿಂದ ಹುಟ್ಟಿತ್ತು. ಅವನ ತಂದೆಯೂ ಇಂಥದೇ ರೋಗದಿಂದ ಸತ್ತಿದ್ದನು. ಅವನ ತಂದೆ, ಸಹೋದರರು, ಮಕ್ಕಳು ಎಲ್ಲರ ಮೈಮೇಲೆಯೂ ಅನೇಕ ಮಚ್ಚೆಗಳಿದ್ದವು. ಇದರಿಂದ ನಾರಿಸನು ಈ ರೋಗವು ವಂಶಾನುಗತವಾಗಿರಬಹುದೆಂದು ಊಹಿಸಿದನು. ಇಂಥ ಎಂಟು ರೋಗಿಗಳ ವಿವರವುಳ್ಳ ಅವನ ಗ್ರಂಥವು ೧೮೫೭ರಲ್ಲಿ ಹೊರಬಂದಿತು. ದೊಡ್ಡ ವಿದ್ಯಾಪೀಠದಲ್ಲಿಲ್ಲದ ಒಬ್ಬ ವೈದ್ಯನು ಕೈಬೆರಳಿನಲ್ಲಿ ಎಣಿಸಬಹುದಾದಷ್ಟು ರೋಗಿಗಳನ್ನು ಶ್ರದ್ಧೆಯಿಂದ ನೋಡಿ ಇಷ್ಟನ್ನು ಕಂಡದ್ದು ಶ್ಲಾಘ್ಯವಾದುದು. ಆದರೂ ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇಂಗ್ಲಿಷಿನಲ್ಲಿ ಮಚ್ಚೆಗಿರುವ ಪದವು ಹುಟ್ಟಿನೊಡನೆ ಬಂದುದಕ್ಕೂ ಬಾಲ್ಯಯೌವನಗಳಲ್ಲಿ ಮೂಡುವುದಕ್ಕೂ ಸಮಾನವಾಗಿ ಸಲ್ಲುವುದು. ಒಂದೇ ಮನೆತನದಲ್ಲಿ ಹಲವು ಮಚ್ಚೆಗಳೂ ಮೆಲನೋಮವೂ ಕೂಡಿ ಬರುವುದನ್ನು ೧೯೭೮ರಲ್ಲಿ ವಾಲೇಸ್ ಕ್ಲಾರ್ಕ್ ಮತ್ತು ಅವನ ಸಂಗಡಿಗರು ಬೇರೊಂದು ಲಕ್ಷಣಸಮೂಹವಾಗಿ ವರ್ಣಿಸಿದರು. ಅಲ್ಲಿ ಮಚ್ಚೆಗಳು ಅನಂತರ ಮೂಡಿದುವು. ನಾರಿಸನ ರೋಗಿಯು ಆ ವರ್ಗಕ್ಕೆ ಸೇರಿದವನೆಂಬುದೇ ಹೆಚ್ಚು ಸಂಭವನೀಯ.

ನಿಜವಾದ ಹುಟ್ಟುಮಚ್ಚೆಯ ಭಯಂಕರ ಸ್ವರೂಪವನ್ನು ವಿಯೆನ್ನಾದ ಕಾರ್ಲ್ ರೋಕಿಟಾನ್‌ಸ್ಕಿಯು ೧೮೬೧ರಲ್ಲಿ ತೋರಿಸಿದನು. ಮೈಯ ಬಹುಭಾಗವನ್ನು ಆವರಿಸಿದ್ದ ಕಪ್ಪು ಮಚ್ಚೆಯೊಡನೆ ಹುಟ್ಟಿದ ೧೪ ವರ್ಷದ ಹುಡುಗಿಯೊಬ್ಬಳ ಮಿದುಳಿನ ಹೊದಿಕೆಯಲ್ಲಿಯೂ ಅದೇ ಕಪ್ಪು ವರ್ಣದ ಜೀವಕಣಗಳು ತುಂಬಿದ್ದವು. ಹುಟ್ಟುಮಚ್ಚೆಯು ಬರಿಯ ಚರ್ಮದ ಮೇಲಿನ ಬಣ್ಣವಲ್ಲ, ಗರ್ಭದಲ್ಲಿ ನಡೆದ ಒಂದು ವ್ಯತ್ಯಾಸದ ಹೊರಗುರುತು ಎಂಬುದಕ್ಕೆ ಇದು ಮೊದಲನೆಯ ಸಾಕ್ಷ್ಯ. ೧೮೯೩ರಲ್ಲಿ ಜರ್ಮನಿಯ ಪಾಲ್ ಉನ್ನಾ ಎಂಬ ಚರ್ಮವೈದ್ಯನು ಮಚ್ಚೆಯ ಜೀವಕಣಗಳು ಮೇಲ್ಚರ್ಮದಿಂದ ಕೆಳಕ್ಕೆ ತೊಟ್ಟಿಕ್ಕಿದಂತೆ ಇಳಿಯುವುವೆಂಬ ವಾದವನ್ನು ಮುಂದಿಟ್ಟನು. ೧೯೨೬ರಲ್ಲಿ ಪಿಯೇರ್ ಮಾಸ್ಸೊನ್ ಅವುಗಳಿಗೆ ನರತಂತುಗಳೊಡನೆ ಸಂಬಂಧವನ್ನು ಕಲ್ಪಿಸಿದನು. ಬಣ್ಣದ ಕಣಗಳೂ ನರಗಳ ಹೊದಿಕೆಯೂ ಭ್ರೂಣದ ಒಂದೇ ಮೂಲದಿಂದ ಬರುವುವೆಂದು ಈಗ ತಿಳಿದಿರುವುದರಿಂದ ಚರ್ಮ, ಮಿದುಳು ಎರಡರಲ್ಲಿಯೂ ಒಮ್ಮೆಗೇ ಕಪ್ಪು ಕಾಣಿಸಿಕೊಳ್ಳುವುದು ಆಶ್ಚರ್ಯಕರವಲ್ಲ.

೪

ಇಷ್ಟರಿಂದ ಮೊದಲನೆಯ ಪ್ರಶ್ನೆಗೆ ಉತ್ತರವು ದೊರೆತಂತಾಯಿತು. ಎರಡನೆಯ ಪ್ರಶ್ನೆಯಲ್ಲಿ ವೈದ್ಯರು ಬಹುಕಾಲ ಎಡವಿದರು. ಅದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಒಂದು ಎಣಿಕೆಯ ದೋಷ, ಮತ್ತೊಂದು ಹೆಸರಿನ ದೋಷ.

ಎಣಿಕೆಯ ದೋಷವು ಹೀಗೆ. ದೊಡ್ಡ ವೈದ್ಯಶಾಲೆಗಳಿಗೆ ಬರುವ ರೋಗಿಗಳು ಆಗಲೇ ತೊಂದರೆಯನ್ನು ಕಂಡವರು. ಅವರನ್ನು ಮಾತ್ರ ಎಣಿಸಿದರೆ ಮಚ್ಚೆಯುಳ್ಳವರಲ್ಲಿ ಬಹುಮಂದಿಗೆ ಕ್ಯಾನ್ಸರ್ ಬರುವಂತೆ ಕಾಣುವುದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹೊರಬಂದ ಸಣ್ಣ ವರದಿಗಳಿಂದ ಹುಟ್ಟಿದ ಭೀತಿಯ ಫಲವಾಗಿ, ದೊಡ್ಡ ಹುಟ್ಟುಮಚ್ಚೆಯುಳ್ಳ ಶಿಶುವಿಗೆ ಅದನ್ನು ಆದಷ್ಟು ಬೇಗ ಪೂರ್ತಿಯಾಗಿ ಕಿತ್ತು ಬೇರೆ ಚರ್ಮವನ್ನು ಕಸಿಮಾಡುವುದೇ ಕರ್ತವ್ಯವೆಂಬ ಅಭಿಪ್ರಾಯವು ಬಲವಾಯಿತು. ಬೆನ್ನು, ನಿತಂಬ, ತೊಡೆಗಳನ್ನೆಲ್ಲ ಆವರಿಸಿದ ಮಚ್ಚೆಯಾದರೆ ಅದಕ್ಕೆ ಒಂದು ಶಸ್ತ್ರಚಿಕಿತ್ಸೆ ಸಾಲದು; ವರ್ಷಗಟ್ಟಲೆ ಒಂದಾದ ಮೇಲೊಂದು ನಡೆಯಬೇಕಾಗುವುದು.

ಬೇರೆಬೇರೆ ವರದಿಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ಕೆಲಸವು ೨೦೦೬ರಲ್ಲಿ ಜರ್ಮನಿಯ ಸ್ವೆನ್ ಕ್ರೆಂಗೆಲ್ ಮತ್ತು ಅವರ ಸಹೋದ್ಯೋಗಿಗಳಿಂದ ನಡೆಯಿತು. ಅವರು ಪರಿಶೀಲಿಸಿದ ವರದಿಗಳಲ್ಲಿ ಒಟ್ಟು ೬,೫೭೧ ಮಂದಿ ಹುಟ್ಟುಮಚ್ಚೆಯವರಿದ್ದರು. ಅವರಲ್ಲಿ ಮೆಲನೋಮ ಬಂದವರು ೪೬ ಮಂದಿ, ಎಂದರೆ ಶೇಕಡಾ ೦.೭. ಬೇರೆಬೇರೆ ವರದಿಗಳಲ್ಲಿ ಈ ಪ್ರಮಾಣವು ಶೇಕಡಾ ೦.೦೫ರಿಂದ ೧೦.೭ರವರೆಗೆ ವ್ಯತ್ಯಾಸವಾಗಿತ್ತು. ವರದಿಯು ಚಿಕ್ಕದಾದಷ್ಟೂ ಪ್ರಮಾಣವು ದೊಡ್ಡದಾಗಿತ್ತೆಂಬುದು ಇದರಲ್ಲಿ ಎಲ್ಲಕ್ಕಿಂತ ಅರ್ಥವತ್ತಾದ ಸಂಗತಿ. ಭೀತಿಯ ಮೂಲವು ಎಲ್ಲಿತ್ತೆಂಬುದನ್ನು ಇದೊಂದೇ ತೋರಿಸಿಕೊಡುವುದು.

ಆದರೆ ಈ ಸರಾಸರಿಯನ್ನು ನಂಬಿ ನಿಶ್ಚಿಂತರಾಗುವುದೂ ಸರಿಯಲ್ಲ. ಅದೇ ಪರಿಶೀಲನೆಯಲ್ಲಿ ಮೆಲನೋಮ ಹುಟ್ಟಿದ ಮಚ್ಚೆಗಳ ಪೈಕಿ ಸುಮಾರು ಮುಕ್ಕಾಲು ಪಾಲು ೪೦ ಸೆಂಟಿಮೀಟರಿಗೂ ಮೀರಿದ ಅಥವಾ ಉಡುಪಿನಂತೆ ಮೈಯನ್ನು ಸುತ್ತಿದ ಮಚ್ಚೆಗಳು. ರೋಗವು ಕಾಣಿಸಿಕೊಂಡ ವಯಸ್ಸಿನ ಮಧ್ಯಬಿಂದು ೭ ವರ್ಷ. ಅಪಾಯವು ಎಲ್ಲರಲ್ಲಿಯೂ ಸಮನಾಗಿ ಹರಡಿಲ್ಲ. ಕೆಲವೇ ಮಕ್ಕಳ ಮೇಲೆ, ಅದೂ ಎಳೆಯ ವಯಸ್ಸಿನಲ್ಲಿ, ಬಂದು ಬೀಳುವುದು. ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದಾದ ಹುಟ್ಟುಮಚ್ಚೆಯು ನೂರು ಶಿಶುಗಳಲ್ಲಿ ಸುಮಾರು ಒಂದಕ್ಕೆ ಇರುವುದು. ಅದರಲ್ಲಿ ಕ್ಯಾನ್ಸರ್ ಹುಟ್ಟುವುದು ಬಹು ವಿರಳ, ಹುಟ್ಟಿದರೂ ಸಾಮಾನ್ಯವಾಗಿ ಪ್ರಾಯ ಬಂದ ಮೇಲೆ, ಮೇಲ್ಚರ್ಮದ ಗಡಿಯಲ್ಲಿ. ದೈತ್ಯಗಾತ್ರದ ಮಚ್ಚೆಯು ಬಹು ಅಪರೂಪವಾದುದು. ಅದರಲ್ಲಿಯಾದರೋ ಕ್ಯಾನ್ಸರ್ ಆಳದಲ್ಲಿ ಹುಟ್ಟಬಲ್ಲುದು. ಹೀಗಿರುವುದರಿಂದ ಮೇಲ್ಪದರವನ್ನು ಹೆರೆದು ತೆಗೆದರೆ ಬಣ್ಣವು ತಿಳಿಯಾಗಬಹುದೇ ಹೊರತು ಅಪಾಯವು ಬುಡಸಹಿತ ಹೋಗುವುದಿಲ್ಲ. ಮೇಲಾಗಿ ೪೯ ಮೆಲನೋಮಗಳಲ್ಲಿ ಮಚ್ಚೆಯೊಳಗೇ ಹುಟ್ಟಿದುವು ೩೩ ಮಾತ್ರ. ಕೆಲವು ಚರ್ಮವನ್ನು ಬಿಟ್ಟು ಬೇರೆ ಅಂಗಗಳಲ್ಲಿ ಹುಟ್ಟಿದ್ದವು. ಆದಕಾರಣ ಮಚ್ಚೆಯನ್ನೆಲ್ಲ ಕಿತ್ತರೂ ಪೂರ್ಣ ಅಭಯವನ್ನು ಕೊಡಲಾಗದು.

೫

ಹೆಸರಿನ ದೋಷವು ಇದಕ್ಕಿಂತ ಸೂಕ್ಷ್ಮವಾದುದು. ೧೯೪೮ರಲ್ಲಿ ನ್ಯೂಯಾರ್ಕಿನ ಸೋಫಿ ಸ್ಪಿಟ್ಸ್ ಎಂಬ ವೈದ್ಯೆಯು ಮಕ್ಕಳಲ್ಲಿ ಕಾಣುವ ಮೆಲನೋಮಗಳ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದಳು. ಆ ೧೩ ಮಕ್ಕಳ ಗಡ್ಡೆಗಳು ಸೂಕ್ಷ್ಮದರ್ಶಕದಲ್ಲಿ ದೊಡ್ಡವರ ಮೆಲನೋಮದಂತೆಯೇ ಕಂಡರೂ ಸತ್ತ ಮಗು ಒಂದೇ. ಅವುಗಳಲ್ಲಿ ಬಹುಪಾಲು ಕ್ಯಾನ್ಸರೇ ಅಲ್ಲ, ಸಾಧುಮಚ್ಚೆಗಳು ಎಂಬುದು ಅನಂತರ ನಿರ್ಧಾರವಾಯಿತು. ಇಂದು ಅವುಗಳಿಗೆ ಅವಳ ಹೆಸರೇ ಇದೆ. ಅದೇ ರೀತಿ ದೊಡ್ಡ ಹುಟ್ಟುಮಚ್ಚೆಯೊಳಗೆ ಶೈಶವದಲ್ಲಿ ಬೇಗನೆ ಬೆಳೆಯುವ ಗಂಟುಗಳು ಮೆಲನೋಮವನ್ನು ಹೋಲುವುವು. ಅನೇಕವು ತಾವಾಗಿಯೇ ಕುಗ್ಗುವುವು. ಇಂಥವನ್ನು ಮಾರಕವೆಂದು ಹೆಸರಿಸಿದರೆ ಲೆಕ್ಕವು ತಾನಾಗಿಯೇ ಹಿಗ್ಗುವುದು.

ಈ ದೋಷಕ್ಕೆ ಎದ್ದುಕಾಣುವ ಉದಾಹರಣೆಯು ಮತ್ತೊಂದು ಜಾತಿಯ ಹುಟ್ಟುಮಚ್ಚೆಯಲ್ಲಿ ದೊರೆಯುವುದು. ತಲೆಯ ಮೇಲೆ ಕೂದಲಿಲ್ಲದ ಹಳದಿ ಪಟ್ಟೆಯಾಗಿ ಕಾಣುವ, ಜಿಡ್ಡಿನ ಗ್ರಂಥಿಗಳ ಮಚ್ಚೆಯನ್ನು ೧೮೯೫ರಲ್ಲಿ ಯೋಸೆಫ್ ಯಾಡಸ್ಸೋನ್ ವರ್ಣಿಸಿದನು. ೧೯೬೫ರಲ್ಲಿ ಮೆಹ್ರೆಗಾನ್ ಮತ್ತು ಪಿಂಕಸ್ ಎಂಬವರು ಅದಕ್ಕೆ ಮೂರು ಅವಸ್ಥೆಗಳನ್ನು ಹೇಳಿದರು. ಶೈಶವದಲ್ಲಿ ಅದು ಸಮತಟ್ಟಾಗಿರುವುದು. ಪ್ರಾಯದಲ್ಲಿ ನರುಲಿಯಂತೆ ಒರಟಾಗಿ ದಪ್ಪವಾಗುವುದು. ಆಮೇಲೆ ಕೆಲವರಲ್ಲಿ ಗಡ್ಡೆಗಳು ಹುಟ್ಟುವುವು. ಆ ಗಡ್ಡೆಗಳಲ್ಲಿ ಬಹಳಷ್ಟನ್ನು ಮೇಲ್ಚರ್ಮದ ತಳಪದರದ ಕ್ಯಾನ್ಸರ್ ಎಂದು ಅಂದಿನವರು ಎಣಿಸಿದ್ದರಿಂದ, ಈ ಮಚ್ಚೆಯನ್ನು ಪ್ರಾಯಕ್ಕೆ ಮುಂಚೆಯೇ ಕತ್ತರಿಸಿಬಿಡುವುದು ವಾಡಿಕೆಯಾಯಿತು. ೨೦೦೦ದಲ್ಲಿ ಫ್ರಾನ್ಸಿನ ಕ್ರಿಬಿಯೆ ಮತ್ತು ಸಂಗಡಿಗರು ಇಂಥ ೫೯೬ ಮಚ್ಚೆಗಳನ್ನು ಮತ್ತೆ ಪರೀಕ್ಷಿಸಿದಾಗ ನಿಜವಾದ ತಳಪದರದ ಕ್ಯಾನ್ಸರ್ ಶೇಕಡಾ ೦.೮ರಲ್ಲಿ ಮಾತ್ರ ಕಂಡಿತು. ಅದನ್ನೇ ಹೋಲುವ, ಕೂದಲಿನ ಬುಡದಿಂದ ಹುಟ್ಟುವ ಟ್ರೈಕೋಬ್ಲಾಸ್ಟೋಮವೆಂಬ ಸಾಧುಗಡ್ಡೆಯು ಅದಕ್ಕಿಂತ ಅನೇಕಪಾಲು ಹೆಚ್ಚಾಗಿತ್ತು. ಮಚ್ಚೆಗಳು ಮೊದಲಿನವೇ, ಅವುಗಳನ್ನು ಓದುವ ಕ್ರಮವು ಮಾತ್ರ ಬದಲಾಯಿತು. ಹಳೆಯ ಶಾಸನದ ಒಂದಕ್ಷರವನ್ನು ಸರಿಯಾಗಿ ಓದಿದಾಗ ರಾಜವಂಶದ ಕಾಲವೇ ಪಲ್ಲಟವಾಗುವುದನ್ನು ಬಲ್ಲ ವಿದ್ವಾಂಸರಿಗೆ ಇದು ಅಪರಿಚಿತವಾದ ಅನುಭವವಲ್ಲ.

೬

ಹುಟ್ಟುಗುರುತಿನ ಕ್ಯಾನ್ಸರಿಗೆ ಚಿಕಿತ್ಸೆಯೇ ಕಾರಣವಾದ ಪ್ರಸಂಗಗಳನ್ನೂ ಚರಿತ್ರೆಯು ಮರೆಯಲಾಗದು. ರಕ್ತನಾಳಗಳ ವಿಕಾರದಿಂದ ಮುಖದ ಮೇಲೆ ದ್ರಾಕ್ಷಾರಸದ ಬಣ್ಣದಲ್ಲಿ ಹರಡುವ ಕಲೆಯು ಸ್ವಭಾವತಃ ಕ್ಯಾನ್ಸರಿಗೆ ಎಡೆಗೊಡುವುದಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದನ್ನು ತಿಳಿಮಾಡಲು ಥೋರಿಯಂ ಮೊದಲಾದ ಕಿರಣವಸ್ತುಗಳನ್ನು ಬಳಸಿದರು. ಹಾಗೆ ಚಿಕಿತ್ಸೆಗೊಂಡ ಕೆಲವರಲ್ಲಿ ದಶಕಗಳ ಅನಂತರ ಅದೇ ಕಲೆಯ ಮೇಲೆ ತಳಪದರದ ಕ್ಯಾನ್ಸರ್ ಹುಟ್ಟಿತು. ಸ್ವೀಡನ್ನಿನಲ್ಲಿ ಶಿಶುಗಳ ರಕ್ತನಾಳದ ಗಂಟುಗಳಿಗೆ ರೇಡಿಯಂ ಚಿಕಿತ್ಸೆಯನ್ನು ಕೊಟ್ಟಿದ್ದರು. ಆ ಶಿಶುಗಳು ದೊಡ್ಡವರಾದ ಮೇಲೆ ಅವರಲ್ಲಿ ಸ್ತನದ ಮತ್ತು ಥೈರಾಯಿಡ್ ಗ್ರಂಥಿಯ ಕ್ಯಾನ್ಸರುಗಳು ಹೆಚ್ಚಾಗಿ ಕಂಡವು. ಬಹುಪಾಲು ತಾನಾಗಿಯೇ ಮಾಯವಾಗತಕ್ಕ ಗಂಟಿಗೆ ತೆತ್ತ ಬೆಲೆಯಿದು.

೭

ಹುಟ್ಟುಮಚ್ಚೆಯು ಏಕೆ ಬರುವುದೆಂಬ ಮೂಲಪ್ರಶ್ನೆಗೆ ಉತ್ತರವು ತೀರ ಈಚೆಗೆ ದೊರೆಯಿತು. ಜಿಡ್ಡಿನ ಗ್ರಂಥಿಗಳ ಮಚ್ಚೆಯಲ್ಲಿ ಎಚ್‌-ರಾಸ್, ಕೆ-ರಾಸ್ ಎಂಬ ಜೀನುಗಳ ವ್ಯತ್ಯಾಸವನ್ನು ೨೦೧೨ರಲ್ಲಿಯೂ, ದೊಡ್ಡ ಕಪ್ಪು ಹುಟ್ಟುಮಚ್ಚೆಯಲ್ಲಿಯೂ ಅದರೊಡನೆ ಬರುವ ಮಿದುಳಿನ ವಿಕಾರದಲ್ಲಿಯೂ ಎನ್‌-ರಾಸ್ ಎಂಬ ಜೀನಿನ ವ್ಯತ್ಯಾಸವನ್ನು ೨೦೧೩ರಲ್ಲಿಯೂ ವಿದ್ವಾಂಸರು ಪ್ರಕಟಿಸಿದರು. ಈ ವ್ಯತ್ಯಾಸವು ತಾಯಿಯಿಂದಾಗಲಿ ತಂದೆಯಿಂದಾಗಲಿ ಬಂದುದಲ್ಲ. ಗರ್ಭವು ನಿಂತ ಮೇಲೆ, ಬೆಳೆಯುತ್ತಿರುವ ಭ್ರೂಣದ ಒಂದು ಜೀವಕಣದಲ್ಲಿ ಅದು ಆಕಸ್ಮಿಕವಾಗಿ ಉಂಟಾಗಿ ಆ ಕಣದ ಸಂತತಿಗೆಲ್ಲ ಹರಡುವುದು. ಆದಕಾರಣ ಅದು ಮೈಯ ಒಂದು ಭಾಗದಲ್ಲಿ ಮಾತ್ರ ಕಾಣುವುದು. ರೋಕಿಟಾನ್‌ಸ್ಕಿಯು ಚರ್ಮ, ಮಿದುಳು ಎರಡರಲ್ಲಿಯೂ ಕಂಡ ಕಪ್ಪಿಗೆ ಇದು ಸಮಂಜಸವಾದ ವಿವರಣೆ. ಈ ಒಂದೇ ವ್ಯತ್ಯಾಸದಿಂದ ಮಚ್ಚೆಯಾಗುವುದು. ಕ್ಯಾನ್ಸರ್ ಆಗಬೇಕಾದರೆ ಅದರ ಮೇಲೆ ಬೇರೆ ವ್ಯತ್ಯಾಸಗಳು ಕೂಡಬೇಕು. ಆದ್ದರಿಂದಲೇ ಸಾವಿರಾರು ಮಚ್ಚೆಗಳು ಮಚ್ಚೆಗಳಾಗಿಯೇ ಉಳಿಯುವುವು.

‘ಮುಟ್ಟರ್‌ಮಾಲ್’, ‘ಆಂವೀ’ ಎಂಬ ಪದಗಳೂ ಗ್ರಹಣದ ನಂಬಿಕೆಯೂ ತಾಯಿಯ ಮೇಲೆ ಹೊರಿಸಿದ್ದ ಅಪವಾದವು ಇದರಿಂದ ನಿರಾಧಾರವೆಂದು ಸ್ಥಿರಪಟ್ಟಿತು. ಅವಳ ಬಯಕೆಗಾಗಲಿ ನಡತೆಗಾಗಲಿ ಅವಳು ಗ್ರಹಣದಂದು ಅಂಗಳಕ್ಕೆ ಇಳಿದುದಕ್ಕಾಗಲಿ ಇದರಲ್ಲಿ ಪಾತ್ರವಿಲ್ಲ.

ಈಗಿನ ವೈದ್ಯರ ಮಾರ್ಗವು ಎರಡು ಅತಿರೇಕಗಳ ನಡುವಣದು. ಚಿಕ್ಕ ಮಚ್ಚೆಯನ್ನು ಭಯದಿಂದ ಕತ್ತರಿಸುವುದಿಲ್ಲ. ದೊಡ್ಡ ಮಚ್ಚೆಯನ್ನು ಉದಾಸೀನದಿಂದ ಬಿಡುವುದೂ ಇಲ್ಲ. ಗಾತ್ರವನ್ನು ಅಳೆದು, ಚಿತ್ರವನ್ನು ತೆಗೆದಿಟ್ಟು, ಕಾಲಕಾಲಕ್ಕೆ ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸುವರು. ಹೊಸ ಗಂಟು, ಹುಣ್ಣು, ರಕ್ತಸ್ರಾವ, ಬಣ್ಣದ ಅಥವಾ ಅಂಚಿನ ಬದಲಾವಣೆ ಇವು ಕಂಡರೆ ಒಡನೆಯೇ ತುಣುಕನ್ನು ತೆಗೆದು ಪರೀಕ್ಷೆ ಮಾಡಿಸುವರು. ಮಗುವಿನ ರೂಪ, ಮನಸ್ಸು, ಶಸ್ತ್ರದ ಕಷ್ಟ ಇವುಗಳನ್ನೂ ತೂಗಿ ತಂದೆತಾಯಿಗಳೊಡನೆ ಆಲೋಚಿಸಿ ನಿರ್ಧರಿಸುವರು.

ಸುಶ್ರುತನು ಸಹಜವೆಂದು ಬೇರ್ಪಡಿಸಿದ ಗುರುತು, ನಾರಿಸನು ಕಂಡ ನಂಟು, ರೋಕಿಟಾನ್‌ಸ್ಕಿಯು ತೋರಿಸಿದ ಆಳ ಇವೆಲ್ಲವೂ ಕಣ್ಣಿನ ಕೆಲಸಗಳು. ಇವುಗಳಲ್ಲಿ ಯಾವುದೂ ಸುಳ್ಳಾಗಲಿಲ್ಲ. ಸುಳ್ಳಾದುದು ಕಂಡವರನ್ನು ಮಾತ್ರ ಎಣಿಸಿ ಕಾಣದವರನ್ನು ಬಿಟ್ಟ ಲೆಕ್ಕವೂ, ಹೋಲಿಕೆಯನ್ನು ನೋಡಿ ಇಟ್ಟ ಹೆಸರೂ ಆಗಿವೆ. ಅವೆರಡನ್ನೂ ತಿದ್ದಿಕೊಂಡ ಮೇಲೆಯೇ, ಯಾವ ಮಗುವನ್ನು ಶಸ್ತ್ರಕ್ಕೆ ಒಪ್ಪಿಸಬೇಕು, ಯಾವ ಮಗುವನ್ನು ಅದರ ಮಚ್ಚೆಯೊಡನೆ ನೆಮ್ಮದಿಯಾಗಿ ಬೆಳೆಯಗೊಡಬೇಕು ಎಂಬುದನ್ನು ವಿವೇಚಿಸುವ ಸಾಮರ್ಥ್ಯವು ವೈದ್ಯಶಾಸ್ತ್ರಕ್ಕೆ ಬಂದಿತು.